ಆಟೊಮ್ಯಾಟಿಕ್ ಟ್ರಾನ್ಸ್‌ಆಕ್ಸಲ್ ಸರ್ವೀಸ್: ಬೋಲ್ಟ್ ಎಷ್ಟು ಬಿಗಿಯಬೇಕು, ಯಾವ ಸರದಿಯಲ್ಲಿ ಬಿಗಿಯಬೇಕು

ಚಿಕ್ಕಮಗಳೂರು ಸುತ್ತಿನ ಗ್ಯಾರೇಜುಗಳಲ್ಲಿ ಕೈ ಪಳಗುವುದು ಜೀಪು, ಪಿಕಪ್, ಟ್ರ್ಯಾಕ್ಟರುಗಳ ಮೇಲೆ. ಎಸ್ಟೇಟಿನ ಕಲ್ಲುದಾರಿಯಲ್ಲಿ ದಿನವಿಡೀ ಕುಲುಕಾಡುವ ಗಾಡಿಯ ನಟ್ಟು ಸಡಿಲವಾಗಬಾರದೆಂದರೆ ಸ್ಪ್ಯಾನರಿಗೆ ಪೈಪು ತೊಡಿಸಿ ಜಗ್ಗಬೇಕು ಎಂಬುದು ಕೆಲಸಕ್ಕೆ ಸೇರಿದ ಹುಡುಗನಿಗೆ ಸಿಗುವ ಮೊದಲ ಪಾಠ. ಪಟ್ಟಾ ಸ್ಪ್ರಿಂಗಿನ ಯು-ಬೋಲ್ಟಿಗೆ ಆ ಪಾಠ ತಕ್ಕಮಟ್ಟಿಗೆ ಒಪ್ಪುತ್ತದೆ. ಈಗ ಕೆ.ಎಂ. ರಸ್ತೆಯ ಶೆಡ್ಡುಗಳಿಗೂ ಆಟೊಮ್ಯಾಟಿಕ್ ಕಾರುಗಳು ಬರುತ್ತಿವೆ, ಅದೇ ಕೈ ಅವುಗಳ ಕೆಳಗೂ ಹೋಗುತ್ತಿದೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಪೋರ್ಟಿಕೊದ ನೆಲದ ಮೇಲೆ ಕೆಂಪು ಎಣ್ಣೆಯ ಚುಕ್ಕೆ ಬೀಳುತ್ತಿದೆ ಎಂದು ಗಾಡಿ ವಾಪಸ್ ಬಂದಾಗ ನಾನು ಮೊದಲು ಹುಡುಕುವುದು ಅತಿಯಾಗಿ ಬಿಗಿದ ಬೋಲ್ಟನ್ನು. ಸಡಿಲವಾದದ್ದರ ಸರದಿ ಆಮೇಲೆ.

ಲೆಕ್ಕ ನೋಡಿ. ತಿರುಚುವ ಬಲವನ್ನು, ಅಂದರೆ ಟಾರ್ಕನ್ನು, ಅಳೆಯುವುದು ನ್ಯೂಟನ್ ಮೀಟರಿನಲ್ಲಿ. ಕಾರಿನ ಚಕ್ರದ ನಟ್ಟಿಗೆ ಸುಮಾರು 100 ನ್ಯೂಟನ್ ಮೀಟರ್ ಬಿಗಿ ಬೇಕು. ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆಯನ್ನು, ಅಂದರೆ ಪ್ಯಾನನ್ನು, ಹಿಡಿದಿರುವ ಎಂ6 (6 ಮಿಲಿಮೀಟರ್ ದಪ್ಪದ) ಬೋಲ್ಟಿಗೆ ಸಾಮಾನ್ಯವಾಗಿ ಬೇಕಾದದ್ದು 10ರ ಆಸುಪಾಸು. ಆ ಬೋಲ್ಟಿನ ತಲೆಗೆ ಕೂರುವ 10 ಎಂಎಂ ಸ್ಪ್ಯಾನರಿನ ಉದ್ದ 130 ಮಿಲಿಮೀಟರ್ ಎಂದುಕೊಳ್ಳಿ. ಅದರ ತುದಿಯನ್ನು ಮೂವತ್ತು ಕೆಜಿ ಬಲದಿಂದ ಎಳೆದರೆ 38 ನ್ಯೂಟನ್ ಮೀಟರ್ ಆಯಿತು. ಕಾಫಿ ಮೂಟೆ ಎತ್ತಿ ಬೆಳೆದ ತೋಳಿಗೆ ಮೂವತ್ತು ಕೆಜಿ ಯಾವ ಮಹಾ! ಆದರೆ ಆ ಬೋಲ್ಟಿಗೆ ಅದು ಬೇಕಾದದ್ದರ ನಾಲ್ಕು ಪಟ್ಟು. ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಕೆಡಿಸುವುದು ಹೆಚ್ಚಾಗಿ ಇಂಥ ಸಣ್ಣ ಬೋಲ್ಟುಗಳೇ. ಹಾಗಾಗಿ ಈ ಬರಹದಲ್ಲಿ ಹೆಚ್ಚು ಜಾಗ ಅವಕ್ಕೇ.

ಮೊದಲು ನಿಮ್ಮ ಗಾಡಿ ಯಾವುದೆಂದು ತಿಳಿಯಿರಿ

ಟ್ರಾನ್ಸ್‌ಆಕ್ಸಲ್ ಎಂದರೆ ಗೇರ್‌ಬಾಕ್ಸ್ ಮತ್ತು ಎರಡು ಬದಿಯ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ ಎರಡೂ ಒಂದೇ ಅಲ್ಯೂಮಿನಿಯಂ ಕವಚದಲ್ಲಿರುವ ಜೋಡಣೆ. ಮುಂದಿನ ಚಕ್ರಗಳಿಗೆ ಚಾಲನೆ ಕೊಡುವ ಕಾರುಗಳಲ್ಲಿ ಇರುವುದು ಇದೇ. ಇನ್ನೋವಾ ಕ್ರಿಸ್ಟಾದ ಆಟೊಮ್ಯಾಟಿಕ್ ಈ ಜಾತಿಯದಲ್ಲ, ಅದರ ಡಿಫರೆನ್ಶಿಯಲ್ ಹಿಂದಿದೆ. ಟ್ರಾನ್ಸ್‌ಆಕ್ಸಲ್‌ಗಳಲ್ಲೇ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಹಳೆಯ ಬಗೆ, ಗೇರುಗಳ ಬದಲು ಬೆಲ್ಟಿನಿಂದ ಓಡುವ ಸಿವಿಟಿ, ಎರಡು ಕ್ಲಚ್ಚಿನ ಡಿಸಿಟಿ ಎಂದು ವಿಧಗಳಿವೆ. 2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿಗೆ ಬಂದ ಎಎಂಟಿ ನಿಜಕ್ಕೂ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದನ್ನೂ ಗೇರ್ ಹಾಕುವುದನ್ನೂ ಅದರಲ್ಲಿ ಯಂತ್ರ ಮಾಡುತ್ತದೆ, ಅಷ್ಟೆ. ಅದರಲ್ಲಿ ಕೆಳಗೆ ಹೇಳುವ ವಾಲ್ವ್ ಬಾಡಿಯೂ ಇಲ್ಲ, ಕನ್ವರ್ಟರೂ ಇಲ್ಲ. ಇಲ್ಲಿನ ವಿವರಗಳು ಮುಖ್ಯವಾಗಿ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಮತ್ತು ಸಿವಿಟಿಗೆ. ಬಿಗಿಯುವ ತತ್ವ ಮಾತ್ರ ಎಲ್ಲಕ್ಕೂ ಒಂದೇ.

ಯಾವ ಬೋಲ್ಟಿಗೆ ಎಷ್ಟು ಎಂಬ ಅಂಕಿ ಆ ಮಾದರಿಯ ಸರ್ವೀಸ್ ಮ್ಯಾನುವಲ್‌ನಿಂದಲೇ ಬರಬೇಕು. ನಾನು ಕೊಡುವ ಅಂಕಿಗಳು ಅಂದಾಜಿಗೆ. ಮ್ಯಾನುವಲ್‌ನ ಅಂಕಿ ಇದಕ್ಕಿಂತ ತೀರಾ ಬೇರೆಯಾಗಿ ಕಂಡರೆ ಪುಟ ತಪ್ಪಿದೆಯೋ, ಅಳತೆಯ ಮಾನ ತಪ್ಪಿದೆಯೋ ಎಂದು ಇನ್ನೊಮ್ಮೆ ನೋಡಲು ಅವು ನೆರವಾಗುತ್ತವೆ.

ಬಿಗಿಯುವುದು ಎಂದರೆ ಬೋಲ್ಟನ್ನು ಎಳೆಯುವುದು

ಬೋಲ್ಟಿನ ತಲೆ ಭಾಗಕ್ಕೆ ತಾಗಿದ ಮೇಲೂ ತಿರುಗಿಸಿದರೆ ಅದರ ದೇಹ ಕೂದಲೆಳೆಯಷ್ಟು ಉದ್ದವಾಗುತ್ತದೆ. ಉದ್ದವಾದ ಉಕ್ಕು ಮತ್ತೆ ಕುಗ್ಗಲು ಹವಣಿಸುತ್ತದೆ. ಎರಡು ಭಾಗಗಳನ್ನು ಹಿಡಿದಿಡುವುದು ಈ ಎಳೆತ. ನಾವು ರೆಂಚಿನಲ್ಲಿ ಹಾಕುವ ತಿರುಚು ಬಲದ ಬಹುಪಾಲು ಈ ಕೆಲಸಕ್ಕೆ ಸಿಗುವುದಿಲ್ಲ. ಸುಮಾರು ಅರ್ಧದಷ್ಟು ಬೋಲ್ಟಿನ ತಲೆಯ ಅಡಿಯ ಉಜ್ಜಾಟಕ್ಕೆ ಹೋಗುತ್ತದೆ, ಇನ್ನು ನೂರಕ್ಕೆ ನಲವತ್ತು ಥ್ರೆಡ್ಡಿನ ಉಜ್ಜಾಟಕ್ಕೆ. ಉಳಿದ ನೂರಕ್ಕೆ ಹತ್ತು ಮಾತ್ರ ಬೋಲ್ಟನ್ನು ಎಳೆಯುತ್ತದೆ.

ಮ್ಯಾನುವಲ್ ಒಣ ಥ್ರೆಡ್ಡಿಗೆ ಹೇಳಿದ ಅಂಕಿಯನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಹಾಕಿದರೆ ಉಜ್ಜಾಟ ಕಡಿಮೆಯಾಗಿ, ಟಾರ್ಕ್ ರೆಂಚಿನ (ಇಟ್ಟ ಅಂಕಿಗೆ ಬಂದಾಗ ಕ್ಲಿಕ್ ಎನ್ನುವ ರೆಂಚು) ಅದೇ ಕ್ಲಿಕ್‌ಗೆ ಎಳೆತ ಕಾಲು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಏರಬಹುದು. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಇದು ತಿರುಗುಮುರುಗು: ರೆಂಚು ಕ್ಲಿಕ್ ಎನ್ನುತ್ತದೆ, ಬೋಲ್ಟ್ ಇನ್ನೂ ಸರಿಯಾಗಿ ಎಳೆದೇ ಇರುವುದಿಲ್ಲ. ಆದ್ದರಿಂದ ಥ್ರೆಡ್ ಸ್ವಚ್ಛ ಮಾಡುವುದು ಬಿಗಿಯುವ ಕೆಲಸದ್ದೇ ಅರ್ಧ ಭಾಗ. ಎಣ್ಣೆ ಹಚ್ಚಬೇಕೋ ಒಣಗಿಸಬೇಕೋ ಎಂಬುದಕ್ಕೆ ಮ್ಯಾನುವಲ್ ಹೇಳಿದ್ದೇ ಕೊನೆಯ ಮಾತು. ಅದು ಏನೂ ಹೇಳದಿದ್ದರೆ ಸ್ವಚ್ಛ, ಒಣ ಥ್ರೆಡ್ ಎಂದೇ ಅರ್ಥ.

ಇನ್ನೊಂದು ಸಂಗತಿ ಲೋಹದ್ದು. ಬೋಲ್ಟ್ ಉಕ್ಕಿನದು, ಕವಚ ಮೆದುವಾದ ಅಲ್ಯೂಮಿನಿಯಂನದು. ಅತಿ ಬಿಗಿ ಬಿದ್ದಾಗ ಸೋಲುವುದು ಕವಚದ ಥ್ರೆಡ್ಡು, ಅಂದರೆ ಇಡೀ ಜೋಡಣೆಯಲ್ಲೇ ದುಬಾರಿ ಭಾಗ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಚಾರ್ಮಾಡಿ ಘಾಟಿ ಹತ್ತಿ ಬಂದ ಗೇರ್‌ಬಾಕ್ಸಿನ ಬೋಲ್ಟನ್ನು ಹಾಗೆಯೇ ಬಿಸಿಯಲ್ಲಿ ಬಿಗಿದರೆ, ತಣಿದ ಮೇಲೆ ಬಿಗಿ ಬೇರೆಯೇ ಆಗಿರುತ್ತದೆ. ಬಿಚ್ಚುವುದನ್ನೂ ಬಿಗಿಯುವುದನ್ನೂ ಗಾಡಿ ತಣಿದ ಮೇಲೆಯೇ ಮಾಡಿ. ಅದರಲ್ಲೂ ಅಲ್ಯೂಮಿನಿಯಂ ಕವಚದಿಂದ ಬಿಸಿ ಬೋಲ್ಟ್ ಬಿಚ್ಚಹೊರಟರೆ ಥ್ರೆಡ್ಡೇ ಕಿತ್ತು ಬರುವ ಅಪಾಯವಿದೆ.

ಒಂದಲ್ಲ, ಎರಡು ಟಾರ್ಕ್ ರೆಂಚು ಬೇಕು

ಬಹಳಷ್ಟು ಶೆಡ್ಡುಗಳಲ್ಲಿ ಟಾರ್ಕ್ ರೆಂಚ್ ಎಂದರೆ ಚಕ್ರದ ನಟ್ಟಿಗೆಂದು ತಂದ ಅರ್ಧ ಇಂಚಿನ ಉದ್ದನೆಯದು. 40ರಿಂದ 200ರವರೆಗೆ ಗುರುತಿರುವ ಆ ರೆಂಚಿಗೆ 10 ನ್ಯೂಟನ್ ಮೀಟರ್ ಎಂಬುದು ಇದೆ ಎಂದೇ ಗೊತ್ತಿಲ್ಲ. ಅದರ ಕ್ಲಿಕ್‌ಗೆ ಕಾದರೆ ಎಂ6 ಬೋಲ್ಟ್ ಅದಕ್ಕೆ ಮೊದಲೇ ತುಂಡಾಗಿರುತ್ತದೆ. ಕಾಲು ಇಂಚಿನ ಅಥವಾ ಮೂರು ಅಷ್ಟಮಾಂಶ (3/8) ಇಂಚಿನ ಡ್ರೈವಿನ, 5ರಿಂದ 25ರವರೆಗಿನ ಸಣ್ಣ ರೆಂಚ್ ಒಂದು ಬೇಕೇ ಬೇಕು. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಈ ಕೆಲಸಕ್ಕೆ ಸಣ್ಣದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಡ್ರೈವ್ ಶಾಫ್ಟಿನ ದೊಡ್ಡ ನಟ್ಟಿಗೆ ಮೂರನೆಯದನ್ನು ಬೇಕಾದಾಗ ಎರವಲು ತಂದರಾಯಿತು.

ಯಾವ ರೆಂಚನ್ನೂ ಅದರ ಅಳತೆಯ ತೀರಾ ಕೆಳತುದಿಯಲ್ಲಿ ನಂಬಬೇಡಿ. ಗರಿಷ್ಠದ ಐದನೇ ಒಂದು ಭಾಗಕ್ಕಿಂತ ಕೆಳಗೆ ಕ್ಲಿಕ್ ರೆಂಚಿನ ಮಾತು ಅಷ್ಟು ಖಚಿತವಲ್ಲ. ಹಿಡಿಯನ್ನೇ ಹಿಡಿಯಿರಿ, ಮಧ್ಯದ ಕೊಳವೆಯನ್ನಲ್ಲ. ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ಕ್ಲಿಕ್ ಎಂದ ಕೂಡಲೇ ನಿಲ್ಲಿಸಿ. ‘ಇನ್ನೊಂದು ಕ್ಲಿಕ್ ಇರಲಿ’ ಎಂದು ಎರಡು ಮೂರು ಸಲ ಕ್ಲಿಕ್ಕಿಸುವ ಚಾಳಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಪ್ರತಿ ಕ್ಲಿಕ್ಕಿಗೂ ಬೋಲ್ಟ್ ಇನ್ನಿಷ್ಟು ತಿರುಗಬಹುದು, ಸಣ್ಣ ಬೋಲ್ಟಿಗೆ ಅಷ್ಟೇ ಸಾಕು. ಟಾರ್ಕ್ ರೆಂಚಿನಿಂದ ಬೋಲ್ಟ್ ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಅದರ ಕನಿಷ್ಠ ಅಂಕಿಗೆ ತಿರುಗಿಸಿ ಡಬ್ಬದಲ್ಲಿಡಿ. ಹಾಗೆ ಮಾಡದಿದ್ದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಕೂತು ದಣಿಯುತ್ತದೆ. ವರ್ಷಕ್ಕೊಮ್ಮೆಯೋ 5000 ಸಲ ಬಳಸಿದ ಮೇಲೋ ಕ್ಯಾಲಿಬ್ರೇಷನ್ ಮಾಡಿಸುವುದು ವಾಡಿಕೆ. ಬೆಂಗಳೂರಿಗೆ ಬಿಡಿಭಾಗ ತರಲು ಹೋಗುವವರ ಕೈಯಲ್ಲಿ ಕಳುಹಿಸಿಕೊಟ್ಟರೆ ಪೀಣ್ಯದ ಕಡೆ ಆ ಕೆಲಸವಾಗುತ್ತದೆ.

ಸಾಕೆಟ್ ಹೋಗದ ಸಂದಿಗೆ ಕಾಗೆಕಾಲಿನ ಆಕಾರದ ಅಡಾಪ್ಟರ್ ಸಿಕ್ಕಿಸಿ ರೆಂಚಿನ ಉದ್ದ ಹೆಚ್ಚಿಸಿದರೆ ಅಂಕಿಯನ್ನು ತಿದ್ದಬೇಕು. ಬೇಕಾದ ಬಿಗಿಯನ್ನು ರೆಂಚಿನ ಉದ್ದದಿಂದ ಗುಣಿಸಿ, ರೆಂಚ್ ಮತ್ತು ಅಡಾಪ್ಟರ್ ಎರಡರ ಒಟ್ಟು ಉದ್ದದಿಂದ ಭಾಗಿಸಿ. ರೆಂಚು 300 ಮಿಲಿಮೀಟರ್, ಅಡಾಪ್ಟರ್ 50, ಬೇಕಾದದ್ದು 45 ಎಂದಾದರೆ ರೆಂಚಿನಲ್ಲಿ ಇಡಬೇಕಾದದ್ದು 38.6. ಅಡಾಪ್ಟರನ್ನು ರೆಂಚಿಗೆ ಲಂಬಕೋನದಲ್ಲಿ ಹಾಕಿದರೆ ಈ ತಿದ್ದುಪಡಿ ಬೇಕಿಲ್ಲ. ಸಾಕೆಟ್ಟಿಗೆ ನೇರವಾಗಿ ಹಾಕುವ ಉದ್ದನೆಯ ಎಕ್ಸ್‌ಟೆನ್ಷನ್ ಕಡ್ಡಿಗೂ ಬೇಕಿಲ್ಲ.

ಏರ್ ಗನ್ ಬಗ್ಗೆ ಒಂದೇ ಮಾತು: ಗೇರ್‌ಬಾಕ್ಸಿನ ಸಣ್ಣ ಬೋಲ್ಟುಗಳ ಹತ್ತಿರಕ್ಕೆ ಅದನ್ನು ತರಬೇಡಿ.

ಮಾನ ತಪ್ಪಿದರೆ ಬೋಲ್ಟ್ ಹೋಯಿತು

ಮ್ಯಾನುವಲ್‌ಗಳಲ್ಲಿ ನ್ಯೂಟನ್ ಮೀಟರ್, ಕೆಜಿಎಫ್ ಮೀಟರ್, ಪೌಂಡ್ ಅಡಿ ಎಂದು ಮೂರು ಮಾನಗಳು ಅಕ್ಕಪಕ್ಕ ಅಚ್ಚಾಗಿರುತ್ತವೆ. ಒಂದು ಕೆಜಿಎಫ್ ಮೀಟರ್ ಎಂದರೆ 9.81 ನ್ಯೂಟನ್ ಮೀಟರ್. ಒಂದು ಪೌಂಡ್ ಅಡಿ ಎಂದರೆ 1.356. ಹೋಂಡಾದ ಹಲವು ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ಡ್ರೈನ್ ಪ್ಲಗ್ಗಿಗೆ 49 ಎಂದೂ 5.0 ಎಂದೂ 36 ಎಂದೂ ಬರೆದಿರುವುದು ಒಂದೇ ಬಿಗಿಯನ್ನು. ಪೌಂಡ್ ಇಂಚು ಎಂಬ ನಾಲ್ಕನೆಯದೂ ಒಂದಿದೆ. 10 ನ್ಯೂಟನ್ ಮೀಟರ್ ಅದರಲ್ಲಿ 88.5 ಆಗುತ್ತದೆ. ಮೊಬೈಲಿನಲ್ಲಿ ಮ್ಯಾನುವಲ್ ಪುಟ ತೆರೆದು, ಅಂಕಿ ಮಾತ್ರ ನೋಡಿ ಮಾನ ನೋಡದೆ 88ಕ್ಕೆ ರೆಂಚ್ ಇಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕೆಲಸಕ್ಕೆ ಮೊದಲೇ ಬೇಕಾದ ಎಲ್ಲ ಅಂಕಿಗಳನ್ನೂ ನ್ಯೂಟನ್ ಮೀಟರಿಗೆ ತಂದು, ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕಣ್ಣೆದುರು ತೂಗುಹಾಕಿ.

ಬಿಚ್ಚುವಾಗಲೇ ಬಿಗಿಯುವ ಕೆಲಸ ಶುರು

ಗಾಡಿಯನ್ನು ಸಮತಟ್ಟಾಗಿ ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗುವುದು ಬೇಡ. ಮಳೆಗಾಲದಲ್ಲಿ ಆಲ್ದೂರು, ಮೂಡಿಗೆರೆ ಕಡೆಯ ಎಸ್ಟೇಟ್ ಗಾಡಿಗಳ ತಳದಲ್ಲಿ ಕೆಂಪು ಮಣ್ಣು ಒಣಗಿ ಗಾರೆಯಂತಾಗಿರುತ್ತದೆ. ಅದನ್ನು ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಬೋಲ್ಟುಗಳ ಸುತ್ತ ಬ್ರಷ್ಷಿನಿಂದ ಉಜ್ಜಿದ ಮೇಲೆಯೇ ಸ್ಪ್ಯಾನರ್ ಮುಟ್ಟಿ. ಪ್ಯಾನ್ ತೆಗೆದ ಮೇಲೆ ಉದುರುವ ಒಂದು ಚಿಟಿಕೆ ಮಣ್ಣು ಸೀದಾ ವಾಲ್ವುಗಳ ಹಾದಿ ಹಿಡಿಯುತ್ತದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ನಮ್ಮ ಹವೆಯಲ್ಲಿ ಸಬ್‌ಫ್ರೇಮಿನ ಬೋಲ್ಟುಗಳು ಬಯಲುಸೀಮೆಯ ಗಾಡಿಗಳಲ್ಲಿ ಬಿಚ್ಚಿದಷ್ಟು ಸಲೀಸಾಗಿ ಬಿಚ್ಚುವುದಿಲ್ಲ.

ಎಣ್ಣೆ ಇಳಿಸುವ ಮೊದಲು ಎಣ್ಣೆ ತುಂಬುವ ಪ್ಲಗ್ಗನ್ನು ಬಿಚ್ಚಿ ನೋಡಿ. ಅದೇ ಕಚ್ಚಿಕೊಂಡು ಬಿಚ್ಚದೆ ಹೋದರೆ, ಇದ್ದ ಎಣ್ಣೆ ಇಳಿಸಿ ಹೊಸದು ತುಂಬಲಾಗದ ಗಾಡಿ ಶೆಡ್ಡಿನಲ್ಲೇ ಉಳಿಯುತ್ತದೆ.

ಪ್ಯಾನಿನ ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದನ್ನು ಅರ್ಧ ಸುತ್ತಿನಂತೆ ಸಡಿಲಿಸುತ್ತ ಬನ್ನಿ. ಒಂದು ಬದಿಯನ್ನು ಪೂರ್ತಿ ಬಿಚ್ಚಿಬಿಟ್ಟರೆ ಉಳಿದ ಬದಿಯ ಬೋಲ್ಟುಗಳ ಮೇಲೆ ಪ್ಯಾನ್ ಜೋತುಬಿದ್ದು ಅಂಚು ಬಾಗುತ್ತದೆ. ವಾಲ್ವ್ ಬಾಡಿ ಬಿಚ್ಚುವುದಾದರೆ ಒಂದು ರಟ್ಟಿನ ಮೇಲೆ ಅದರ ಆಕಾರ ಬರೆದು, ಬೋಲ್ಟ್ ಇದ್ದ ಜಾಗದಲ್ಲೇ ತೂತು ಮಾಡಿ ಬೋಲ್ಟನ್ನು ಚುಚ್ಚಿಡಿ. ಅಲ್ಲಿ ಬೋಲ್ಟುಗಳ ದಪ್ಪ ಒಂದೇ, ತಲೆ ಒಂದೇ, ಉದ್ದ ಮಾತ್ರ ಎರಡು ಮೂರು ಬಗೆ. ಉದ್ದದ ಬೋಲ್ಟನ್ನು ಗಿಡ್ಡ ಬೋಲ್ಟಿನ ಕುಳಿಗೆ ಹಾಕಿದರೆ ಅದು ತಳಕ್ಕೆ ತಾಗಿ ನಿಲ್ಲುತ್ತದೆ, ರೆಂಚು ಸರಿಯಾಗಿ ಕ್ಲಿಕ್ ಎನ್ನುತ್ತದೆ, ಭಾಗ ಮಾತ್ರ ಸಡಿಲವಾಗಿಯೇ ಇರುತ್ತದೆ. ಗಿಡ್ಡದ್ದನ್ನು ಉದ್ದದ್ದರ ಜಾಗಕ್ಕೆ ಹಾಕಿದರೆ ನಾಲ್ಕೈದು ಸುತ್ತಿನ ಥ್ರೆಡ್ ಮಾತ್ರ ಹಿಡಿದು, ಅದೂ ಕಿತ್ತುಬರುತ್ತದೆ.

ಕುಳಿ, ಥ್ರೆಡ್, ಬಟ್ಟೆ

ಪ್ರತಿ ಬೋಲ್ಟನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ಬೆಳಕಿಗೆ ಹಿಡಿಯಿರಿ. ಥ್ರೆಡ್ಡಿನ ನಡುವೆ ಅಲ್ಯೂಮಿನಿಯಂನ ಬೆಳ್ಳಿ ಬಣ್ಣದ ಎಳೆ ಸಿಕ್ಕಿದ್ದರೆ ಕುಳಿಯ ಥ್ರೆಡ್ ಆಗಲೇ ಹೋಗತೊಡಗಿದೆ ಎಂದರ್ಥ. ಬೋಲ್ಟಿನ ಒಂದು ಭಾಗ ಸಪೂರವಾಗಿ ಸೊಂಟದಂತೆ ಕಂಡರೆ ಅದು ಎಳೆದು ಸತ್ತ ಬೋಲ್ಟು, ಎಸೆಯಿರಿ. ಬದಲಿ ಹಾಕುವಾಗ ಅಳತೆ, ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ಅಂತರ), ತಲೆಯ ಮೇಲಿನ ದರ್ಜೆ ಮೂರೂ ಹೊಂದಬೇಕು. ತಲೆಯ ಮೇಲೆ 8.8 ಎಂದಿದ್ದರೆ ಮೊದಲ 8 ಕರ್ಷಣ ಬಲ 800 ಮೆಗಾಪ್ಯಾಸ್ಕಲ್ ಎನ್ನುತ್ತದೆ, ಚುಕ್ಕೆಯ ಆಚಿನ 8 ಅದರ ನೂರಕ್ಕೆ ಎಂಬತ್ತರವರೆಗೆ, ಅಂದರೆ 640ರವರೆಗೆ, ಎಳೆದರೂ ಬೋಲ್ಟ್ ಮರಳಿ ಮೊದಲಿನಂತಾಗುತ್ತದೆ ಎನ್ನುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಗುರುತಿಲ್ಲದ ಬೋಲ್ಟ್ ಗೇಟಿಗೆ ಸಾಕು, ಗೇರ್‌ಬಾಕ್ಸಿಗೆ ಬೇಡ.

ಕವಚದ ಕುಳಿಗಳನ್ನು ಕ್ಲೀನರ್ ಬಿಟ್ಟು ಗಾಳಿ ಊದಿ ಒಣಗಿಸಿ, ಕಣ್ಣಿಗೆ ಕನ್ನಡಕವಿರಲಿ. ಹೆಚ್ಚಿನವು ಆಚೆ ತುದಿ ಮುಚ್ಚಿದ ಕುಳಿಗಳು. ತಳದಲ್ಲಿ ಎಣ್ಣೆಯೋ ಸೀಲಂಟೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದು ಹೋಗಲು ದಾರಿಯಿಲ್ಲದೆ, ದ್ರವದ ಒತ್ತಡಕ್ಕೆ ಕವಚವೇ ಸೀಳುವುದುಂಟು. ಥ್ರೆಡ್ ಸರಿಪಡಿಸಲು ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಬಳಸಬೇಡಿ, ಅದು ಇರುವ ಲೋಹವನ್ನೂ ಕೆರೆದು ತೆಗೆಯುತ್ತದೆ. ಇದ್ದ ಥ್ರೆಡ್ಡನ್ನು ಸ್ವಚ್ಛಗೊಳಿಸುವ ಚೇಸರ್ ಸಾಕು.

ಇನ್ನು ಬಟ್ಟೆ. ಎಲ್ಲ ಗ್ಯಾರೇಜಿನಲ್ಲೂ ಮೂಟೆಗಟ್ಟಲೆ ಇರುವ ಬನಿಯನ್ ವೇಸ್ಟನ್ನು ಗೇರ್‌ಬಾಕ್ಸಿನ ಒಳಗೆ ತರಲೇಬೇಡಿ. ಅದರ ಒಂದು ನೂಲಿನ ಎಳೆ ಎಣ್ಣೆಯ ಹರಿವನ್ನು ವಿದ್ಯುತ್ತಿನಿಂದ ನಿಯಂತ್ರಿಸುವ ಸೊಲೆನಾಯ್ಡಿನ ಜಾಲರಿಯಲ್ಲಿ ಸಿಕ್ಕಿಕೊಂಡರೆ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಗಾಡಿ ಒದೆಯುತ್ತದೆ. ಕಾರಣ ಹುಡುಕಿ ಹುಡುಕಿ ಸುಸ್ತಾಗುತ್ತೀರಿ. ಎಳೆ ಬಿಡದ ಕಾಗದದ ಒರಸು ಬಳಸಿ.

ವಾಲ್ವ್ ಬಾಡಿ: ಇಲ್ಲಿ ಆತುರ ಬೇಡ

ಗೇರ್‌ಬಾಕ್ಸಿನ ಮಿದುಳು ಎನ್ನಬಹುದಾದ ಈ ಅಲ್ಯೂಮಿನಿಯಂ ತುಂಡಿನೊಳಗೆ ಬೆರಳಿಗಿಂತ ಸಪೂರದ ವಾಲ್ವುಗಳು ತಮ್ಮ ಕೊಳವೆಗಳಲ್ಲಿ ಹಿಂದೆ ಮುಂದೆ ಜಾರುತ್ತಿರುತ್ತವೆ. ವಾಲ್ವಿಗೂ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದು. ಒಂದು ಮೂಲೆಯನ್ನು ಮೊದಲೇ ಪೂರ್ತಿ ಬಿಗಿದರೆ ತುಂಡು ಅಷ್ಟೇ ಅಷ್ಟು ತಿರುಚಿಕೊಳ್ಳುತ್ತದೆ, ವಾಲ್ವ್ ಕಚ್ಚಿಕೊಳ್ಳುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಬೆಟ್ಟದ ರಸ್ತೆಗೆ ಗಾಡಿ ಹೋದಾಗ ಗೇರು ತಡವಾಗಿ ಬೀಳುತ್ತದೆ.

ಎತ್ತಿ ಕೂರಿಸುವಾಗ ಗೇರ್ ಲಿವರಿಗೆ ಸೇರಿದ ಮ್ಯಾನುವಲ್ ವಾಲ್ವಿನಲ್ಲಿ ಕೊರೆದ ಕಚ್ಚು ಒಳಗಿನ ಲಿವರಿನ ಪಿನ್ನಿಗೆ ಸರಿಯಾಗಿ ಕೂತಿದೆಯೇ ನೋಡಿ. ಇದು ತಪ್ಪಿದರೂ ಬೋಲ್ಟುಗಳೆಲ್ಲ ಸುಖವಾಗಿ ಬಿಗಿಯಾಗುತ್ತವೆ. ಆಮೇಲೆ ಲಿವರ್ ಡಿಗೆ ಬಂದರೂ ಗಾಡಿ ಹೊರಡುವುದಿಲ್ಲ.

ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದಲೇ ಕೂರಿಸಿ. ಮೊದಲು ಹಿಂದಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ನಿಧಾನವಾಗಿ ತಿರುಗಿಸಿದರೆ ಥ್ರೆಡ್ಡಿನ ಬಾಯಿ ಸಿಕ್ಕಾಗ ಬೋಲ್ಟ್ ಸಣ್ಣಗೆ ಇಳಿದಂತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಕನಿಷ್ಠ ಮೂರು ನಾಲ್ಕು ಸುತ್ತು ಬೆರಳಿಗೇ ಹೋಗಬೇಕು. ಹೋಗದಿದ್ದರೆ ಹೊರತೆಗೆದು ನೋಡಿ, ಸ್ಪ್ಯಾನರ್ ಹಾಕಿ ಒತ್ತಾಯಿಸಬೇಡಿ. ಒಂದೂ ಬಿಡದೆ ಎಲ್ಲವೂ ಕೂತ ಮೇಲೆ, ಅಕ್ಕಿರೊಟ್ಟಿ ತಟ್ಟುವಾಗ ನಡುವಿನಿಂದ ಅಂಚಿಗೆ ಹೋಗುವ ಹಾಗೆ, ಮಧ್ಯದ ಬೋಲ್ಟಿನಿಂದ ಶುರುಮಾಡಿ ಸುತ್ತುತ್ತ ಹೊರಗೆ ಬನ್ನಿ. ಮೊದಲ ಸುತ್ತಿನಲ್ಲಿ ಭಾಗ ಸಮವಾಗಿ ಕೂರುವಷ್ಟು. ಎರಡನೆಯದರಲ್ಲಿ ಬೇಕಾದ ಬಿಗಿಯ ಅರ್ಧ. ಮೂರನೆಯದರಲ್ಲಿ ಪೂರ್ತಿ. ಮ್ಯಾನುವಲ್‌ನಲ್ಲಿ ಸರದಿಯ ಚಿತ್ರವಿದ್ದರೆ ಅದನ್ನೇ ಹಿಡಿಯಿರಿ. ಇಲ್ಲಿಯ ಬೋಲ್ಟುಗಳು ಬಹುಮಟ್ಟಿಗೆ 8ರಿಂದ 12 ನ್ಯೂಟನ್ ಮೀಟರಿನವು. ಬಿಗಿದಾದ ಮೇಲೆ ಕಾರಿನೊಳಗೆ ಒಬ್ಬರನ್ನು ಕೂರಿಸಿ ಲಿವರನ್ನು ಪಿ, ಆರ್, ಎನ್, ಡಿ ಎಲ್ಲ ಕಡೆಗೂ ಆಡಿಸಲು ಹೇಳಿ, ಕೆಳಗಿನಿಂದ ವಾಲ್ವ್ ಚಲಿಸುವುದನ್ನು ನೋಡಿ. ಪ್ಯಾನ್ ಮುಚ್ಚುವ ಮೊದಲು ಇದನ್ನು ನೋಡಲು ಸಿಗುವ ಕೊನೆಯ ಅವಕಾಶ ಇದು.

ಪ್ಯಾನ್: ಹೆಚ್ಚು ಬಿಗಿದಷ್ಟೂ ಹೆಚ್ಚು ಸೋರಿಕೆ

ಪ್ಯಾನಿನ ತೆಳು ಉಕ್ಕಿನ ಅಂಚಿನ ಮೇಲೆ ಒಂದು ನೇರ ಪಟ್ಟಿ ಇಟ್ಟು ನೋಡಿ. ಹಿಂದೆ ಯಾರಾದರೂ ಜಗ್ಗಿ ಬಿಗಿದಿದ್ದರೆ ಪ್ರತಿ ಬೋಲ್ಟಿನ ತೂತಿನ ಸುತ್ತ ಲೋಹ ಗುಳಿ ಬಿದ್ದು, ಎರಡು ತೂತುಗಳ ನಡುವಿನ ಭಾಗ ಕಮಾನಿನಂತೆ ಎದ್ದಿರುತ್ತದೆ. ಬೋಲ್ಟಿನ ಹತ್ತಿರ ಗಾಸ್ಕೆಟ್ ಅಪ್ಪಚ್ಚಿಯಾಗಿ ಅಲ್ಲಿ ಸೋರುವುದಿಲ್ಲ, ನಡುವಿನಿಂದ ಸೋರುತ್ತದೆ. ಸೋರುತ್ತಿದೆಯೆಂದು ಇನ್ನಷ್ಟು ಬಿಗಿದರೆ ಕಮಾನು ಇನ್ನಷ್ಟು ಏಳುತ್ತದೆ. ಪ್ಯಾನನ್ನು ಮರದ ತುಂಡಿನ ಮೇಲಿಟ್ಟು, ಗುಳಿಗಳನ್ನು ಒಳಗಿನಿಂದ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸಮ ಮಾಡಿ. ಸಮವಾಗದಷ್ಟು ಕೆಟ್ಟಿದ್ದರೆ ಹೊಸದು ತರಿಸಿ.

ಗಾಸ್ಕೆಟ್ ಇರುವ ಪ್ಯಾನಿಗೆ ಗಾಸ್ಕೆಟ್ ಮಾತ್ರ, ಒಣದಾಗಿ. ಮೇಲೊಂದು ಪದರ ಸೀಲಂಟ್ ಬಳಿಯುವುದು ಸಮಾಧಾನಕ್ಕೆ ಮಾಡುವ ಕೆಲಸ. ಅದು ಗಾಸ್ಕೆಟ್ಟನ್ನು ಜಾರಿಸಿ ಹೊರಗೆ ತಳ್ಳುತ್ತದೆ. ಸೀಲಂಟ್ ಹಾಕಲೆಂದೇ ಮಾಡಿದ ಪ್ಯಾನಾದರೆ ಎರಡೂ ಮೈ ಉಗುರಿಗೆ ಜಿಡ್ಡು ತಾಗದಷ್ಟು ಸ್ವಚ್ಛವಾಗಿರಲಿ, ಸೀಲಂಟಿನ ಎಳೆ ಬೋಲ್ಟಿನ ತೂತುಗಳ ಒಳಬದಿಯಿಂದ, ಎಲ್ಲೂ ಕಡಿಯದೆ, ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಹೋಗಲಿ. ಕೊಳವೆಯ ಮೇಲೆ ಬರೆದ ಸಮಯದೊಳಗೆ ಪ್ಯಾನ್ ಕೂರಿಸಿ ಬಿಗಿಯಿರಿ. ಹೆಚ್ಚಾದ ಸೀಲಂಟ್ ಒಳಗೆ ಉಕ್ಕಿ, ಗಟ್ಟಿಯಾಗಿ, ಒಂದು ದಿನ ಕಳಚಿ ಎಣ್ಣೆ ಸೋಸುವ ಸ್ಟ್ರೇನರನ್ನು ಮುಚ್ಚುತ್ತದೆ. ಕಡಿಮೆ ಹಾಕುವುದಕ್ಕಿಂತ ಹೆಚ್ಚು ಹಾಕುವುದೇ ಇಲ್ಲಿ ದೊಡ್ಡ ತಪ್ಪು.

ಬಿಗಿಯುವುದು ವಾಲ್ವ್ ಬಾಡಿಯಂತೆಯೇ: ಬೆರಳಿನಲ್ಲಿ ಎಲ್ಲವೂ, ಆಮೇಲೆ ಎದುರುಬದುರು ಸರದಿ, ಎರಡು ಮೂರು ಸುತ್ತು. ಈಗಿನ ಕೆಲವು ರಬ್ಬರ್ ಗಾಸ್ಕೆಟ್ಟುಗಳ ತೂತುಗಳಲ್ಲಿ ಸಣ್ಣ ಲೋಹದ ಬಳೆ ಇರುತ್ತದೆ, ರಬ್ಬರ್ ಅಗತ್ಯಕ್ಕಿಂತ ಹೆಚ್ಚು ಒತ್ತದಂತೆ. ಬೋಲ್ಟ್ ಆ ಬಳೆಗೆ ತಾಗಿದಾಗ ತಟ್ಟನೆ ಗಟ್ಟಿಯಾದಂತೆ ಅನಿಸುತ್ತದೆ. ಬಳೆಯಿಲ್ಲದ ಮೆದು ಗಾಸ್ಕೆಟ್ಟಿನಲ್ಲಿ ಕೊನೆಯ ಬೋಲ್ಟ್ ಬಿಗಿಯುವ ಹೊತ್ತಿಗೆ ಮೊದಲನೆಯದು ಸಡಿಲವಾಗಿರುತ್ತದೆ. ಅದೇ ಅಂಕಿಯಲ್ಲಿ ಇನ್ನೊಂದು ಸುತ್ತು ಬನ್ನಿ. ಅಂಕಿ ಏರಿಸಬೇಡಿ.

ಡ್ರೈನ್ ಪ್ಲಗ್ ಮತ್ತು ಮಟ್ಟದ ಪ್ಲಗ್

ಡ್ರೈನ್ ಪ್ಲಗ್ಗಿನ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಒಂದು ಸಲಕ್ಕೆ ಮಾತ್ರ. ಅದು ಒತ್ತಿ ಚಪ್ಪಟೆಯಾಗುವುದರಿಂದಲೇ ಸೀಲು ಆಗುತ್ತದೆ. ಒಮ್ಮೆ ಚಪ್ಪಟೆಯಾದದ್ದು ಮತ್ತೆ ಒತ್ತಿಕೊಳ್ಳದು. ಹಳೆಯದನ್ನೇ ಹಾಕಿ ಸೋರಿಕೆ ನಿಲ್ಲಿಸಲು ಬಿಗಿಯುತ್ತ ಹೋದವರೇ ಕವಚದ ಥ್ರೆಡ್ ಕಳೆದುಕೊಳ್ಳುವುದು. ಹೋಂಡಾದ ಪ್ಲಗ್ಗಿನ ಚೌಕಾಕಾರದ ಕುಳಿಗೆ ಮೂರು ಅಷ್ಟಮಾಂಶದ ರ‍್ಯಾಚೆಟ್ ನೇರವಾಗಿ ಕೂರುತ್ತದೆ, ಸಾಕೆಟ್ ಬೇಕಿಲ್ಲ. ಅದೇ ಅನುಕೂಲ ಉದ್ದದ ಹಿಡಿಯನ್ನೂ ಕರೆಯುತ್ತದೆ. ಟಾರ್ಕ್ ರೆಂಚನ್ನೇ ಅಲ್ಲಿ ಸಿಕ್ಕಿಸಿ. ಹೆಚ್ಚಿನ ಗಾಡಿಗಳ ಡ್ರೈನ್ ಪ್ಲಗ್ 30ರಿಂದ 50ರ ನಡುವೆ ಬರುತ್ತದೆ.

ಪ್ಯಾನಿನ ಮಟ್ಟದ ಪ್ಲಗ್ಗಿನಿಂದ ಎಣ್ಣೆ ಹೊರಗೆ ಹರಿಯುವುದನ್ನು ನೋಡಿ ಮಟ್ಟ ತಿಳಿಯುವ ಗಾಡಿಗಳಲ್ಲಿ, ಎಂಜಿನ್ ಓಡುತ್ತಿರುವಾಗ, ಎಣ್ಣೆ ಹೇಳಿದ ಬಿಸಿಗೆ ಬಂದಾಗ ಮಾತ್ರ ಆ ಪ್ಲಗ್ ಬಿಚ್ಚಬೇಕು. ಟೊಯೊಟಾದ ಹಲವು ಗೇರ್‌ಬಾಕ್ಸುಗಳಿಗೆ ಅದು 35ರಿಂದ 45 ಡಿಗ್ರಿ ಸೆಲ್ಸಿಯಸ್. ಡಿಸೆಂಬರಿನ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಆ ಬಿಸಿ ಬರಲು ಹೊತ್ತಾಗುತ್ತದೆ, ಏಪ್ರಿಲ್ ಮಧ್ಯಾಹ್ನ ನೋಡನೋಡುತ್ತಲೇ ದಾಟಿಹೋಗುತ್ತದೆ. ಸ್ಕ್ಯಾನರಿನಲ್ಲಿ ಬಿಸಿ ನೋಡುತ್ತ ಮಾಡಿ, ಕೈಯಿಂದ ಮುಟ್ಟಿ ಅಂದಾಜಿಸಬೇಡಿ.

ಗೇರ್‌ಬಾಕ್ಸ್ ಇಳಿಸಿದ್ದರೆ

ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಗಂಟೆಯಾಕಾರದ ಭಾಗ, ಬೆಲ್ ಹೌಸಿಂಗಿನ ಬೋಲ್ಟುಗಳು ದೊಡ್ಡವು, 40ರಿಂದ 80 ನ್ಯೂಟನ್ ಮೀಟರಿನವರೆಗೂ ಇರುತ್ತವೆ. ಅವುಗಳ ಅಪಾಯ ಬೇರೆ ಬಗೆಯದು. ಟಾರ್ಕ್ ಕನ್ವರ್ಟರನ್ನು ಗೇರ್‌ಬಾಕ್ಸಿನೊಳಗೆ ತಿರುಗಿಸುತ್ತ ಒತ್ತಿದಾಗ ಅದು ಹಂತಹಂತವಾಗಿ ಕೂರುತ್ತದೆ. ಒಳಗಿನ ಹಲ್ಲುಗಳಿಗೆ, ಕೊನೆಗೆ ಆಯಿಲ್ ಪಂಪಿನ ಕಚ್ಚಿಗೆ. ಕೊನೆಯ ಹಂತ ಕೂರದಿದ್ದರೂ ಕೂತಂತೆಯೇ ಕಾಣುತ್ತದೆ. ಹೌಸಿಂಗಿನ ಮೈಯಿಂದ ಕನ್ವರ್ಟರಿನವರೆಗಿನ ಆಳವನ್ನು ಅಳೆದು ಮ್ಯಾನುವಲ್‌ಗೆ ಹೋಲಿಸಿ. ಆಮೇಲೆ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವಾಗ ಎರಡೂ ಮೈಗಳು ಜಾಗ ತಪ್ಪದಂತೆ ಹಿಡಿಯುವ ಡೋವೆಲ್ ಪಿನ್ನುಗಳ ಮೇಲೆ ಕೈಯ ಒತ್ತಡಕ್ಕೇ ಸೇರಬೇಕು. ಸಂದು ಉಳಿದರೆ ಬೋಲ್ಟಿನಿಂದ ಎಳೆದು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಎಳೆದರೆ ಒಳಗೆ ಪಂಪು ಒಡೆಯುತ್ತದೆ, ಗಾಡಿ ಶೆಡ್ಡಿನಿಂದ ಹೊರಡುವ ಮೊದಲೇ. ಸಂದು ಉಳಿಯಿತೆಂದರೆ ಗೇರ್‌ಬಾಕ್ಸ್ ಕೆಳಗಿಳಿಸಿ, ಕನ್ವರ್ಟರ್ ಮತ್ತೆ ಕೂರಿಸಿ. ಬೇರೆ ದಾರಿಯಿಲ್ಲ.

ಸರಿಯಾಗಿ ಸೇರಿದ್ದರೆ ಕನ್ವರ್ಟರ್ ಕೈಗೆ ಸಲೀಸಾಗಿ ತಿರುಗುತ್ತದೆ. ಅದನ್ನು ಎಂಜಿನ್ನಿನ ಕ್ರ್ಯಾಂಕಿಗೆ ಸೇರಿದ ತೆಳು ತಟ್ಟೆಗೆ, ಅಂದರೆ ಫ್ಲೆಕ್ಸ್ ಪ್ಲೇಟಿಗೆ, ಹಿಡಿಸುವ ಬೋಲ್ಟುಗಳು ಅವುಗಳದೇ ಆಗಿರಬೇಕು, ಎರಡು ಮಿಲಿಮೀಟರ್ ಉದ್ದವಾದ ಬೇರೆ ಬೋಲ್ಟ್ ಕನ್ವರ್ಟರಿನ ಹೊರ ತಗಡನ್ನು ಒಳಕ್ಕೆ ತಳ್ಳಿ ಅದರೊಳಗಿನ ಲಾಕಪ್ ಕ್ಲಚ್ಚನ್ನೇ ಕೆಡಿಸುತ್ತದೆ. ಎಲ್ಲವನ್ನೂ ಬೆರಳಿನಲ್ಲಿ ಹಾಕಿ, ಕ್ರ್ಯಾಂಕ್ ತಿರುಗಿಸುತ್ತ ಒಂದೊಂದನ್ನೂ ಕಿಂಡಿಯೆದುರಿಗೆ ತಂದು ಬಿಗಿಯಿರಿ. ಥ್ರೆಡ್ ಲಾಕರ್ ಹಾಕಲು ಹೇಳಿದ್ದರೆ ಹಳೆಯದನ್ನು ಪೂರ್ತಿ ತೆಗೆದು ಒಂದೇ ಹನಿ ಹಾಕಿ.

ಮ್ಯಾನುವಲ್‌ನಲ್ಲಿ ಬಿಗಿಯ ಅಂಕಿಯ ಜೊತೆಗೆ 90 ಡಿಗ್ರಿಯಂಥ ಕೋನ ಕೊಟ್ಟಿದ್ದರೆ ಅದು ಎಳೆದು ಹಿಗ್ಗಿಸಲೆಂದೇ ಮಾಡಿದ ಬೋಲ್ಟ್ ಇರಬಹುದು. ಮರುಬಳಕೆ ಬೇಡ ಎಂದಿದ್ದರೆ ಹೊಸದನ್ನೇ ತನ್ನಿ. ತಲೆಯ ಮೇಲೂ ಪಕ್ಕದ ಲೋಹದ ಮೇಲೂ ಬಣ್ಣದ ಗೆರೆ ಎಳೆದು ಕಾಲು ಸುತ್ತು ಅಳೆಯಿರಿ. ಎಂ8 ಬೋಲ್ಟಿನ ಪಿಚ್ 1.25 ಮಿಲಿಮೀಟರ್ ಆದರೆ ಕಾಲು ಸುತ್ತಿಗೆ ಅದು 0.31 ಮಿಲಿಮೀಟರ್ ಮುಂದೆ ಹೋಗುತ್ತದೆ. ಉಜ್ಜಾಟ ಎಷ್ಟೇ ಇರಲಿ ಈ ಲೆಕ್ಕ ಬದಲಾಗದು, ಕೋನದ ಪದ್ಧತಿಯ ಗುಟ್ಟು ಇದೇ.

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಹೊತ್ತಿರುವ ರಬ್ಬರ್ ಮೌಂಟುಗಳ ಬೋಲ್ಟುಗಳನ್ನು, ತೂಕ ಜಾಕಿನ ಮೇಲಿರುವಾಗ ಬೆರಳಬಿಗಿಯಲ್ಲೇ ಬಿಡಿ. ಎಂಜಿನ್ನಿನ ತೂಕ ರಬ್ಬರಿನ ಮೇಲೆ ಬಂದ ಮೇಲೆ ಪೂರ್ತಿ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂತು ಎನ್‌ನಿಂದ ಡಿಗೆ ಹಾಕಿದಾಗ ಸ್ಟೀರಿಂಗ್ ನಡುಗುತ್ತದೆ. ಡ್ರೈವ್ ಶಾಫ್ಟಿನ ನಟ್ಟನ್ನು ಚಕ್ರ ನೆಲಕ್ಕಿಳಿದ ಮೇಲೋ, ಬ್ರೇಕ್ ಒತ್ತಿ ಹಿಡಿದೋ ಬಿಗಿಯಿರಿ, ಮಡಚಿ ಲಾಕ್ ಮಾಡುವ ನಟ್ಟಾದರೆ ಪ್ರತಿ ಸಲವೂ ಹೊಸದು.

ಥ್ರೆಡ್ ಹೋಗಿಯೇಬಿಟ್ಟಿದ್ದರೆ

ಒಂದು ಅಳತೆ ದಪ್ಪದ ಬೋಲ್ಟ್ ಬಲವಂತವಾಗಿ ತುರುಕುವುದು, ಎಂ-ಸೀಲ್ ತುಂಬುವುದು, ಟೆಫ್ಲಾನ್ ಟೇಪ್ ಸುತ್ತುವುದು, ಇವು ಯಾವುವೂ ದುರಸ್ತಿಯಲ್ಲ. ಕುಳಿಯನ್ನು ಸರಿಯಾದ ಅಳತೆಗೆ ಕೊರೆದು, ಉಕ್ಕಿನ ಸುರುಳಿಯ ಹೆಲಿಕಾಯಿಲ್ ಹಾಕಿದರೆ ಅದೇ ಅಳತೆಯ ಬೋಲ್ಟ್ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ. ಕೊರೆಯುವಾಗ ಡ್ರಿಲ್ಲಿನ ತುದಿಗೆ ಗ್ರೀಸ್ ಹಚ್ಚಿದರೆ ಲೋಹದ ಚೂರು ಅದಕ್ಕೇ ಅಂಟುತ್ತದೆ. ಆಳ ತಪ್ಪದಂತೆ ಡ್ರಿಲ್ಲಿಗೆ ಟೇಪಿನ ಗುರುತು ಹಾಕಿ, ಕವಚದ ಆಚೆ ಎಣ್ಣೆಯ ಹಾದಿ ಇರಬಹುದು.

ಓಡಿಸಿ ನೋಡುವುದು

ಬಿಗಿದ ಪ್ರತಿ ಬೋಲ್ಟಿನ ತಲೆಗೂ ಬಣ್ಣದ ಪೆನ್ನಿನ ಒಂದು ಗುರುತು ಹಾಕುವುದು ಒಳ್ಳೆಯ ಅಭ್ಯಾಸ. ನಡುವೆ ಫೋನ್ ಬಂದರೂ ಯಾವುದು ಆಗಿದೆ, ಯಾವುದು ಇಲ್ಲ ಎಂಬ ಗೊಂದಲವಿರದು. ಕೈಮರದ ಕಡೆಗೆ ಒಂದಷ್ಟು ಏರು ಹತ್ತಿಸಿ ಇಳಿಸಿದರೆ ಎಣ್ಣೆ ಚೆನ್ನಾಗಿ ಬಿಸಿಯಾಗುತ್ತದೆ. ಮಳೆಯಲ್ಲಿ ಓಡಿಸಿ ಬಂದ ಗಾಡಿಯ ತಳದಲ್ಲಿ ಸೋರಿಕೆ ಹುಡುಕುವುದು ವ್ಯರ್ಥ. ಒಣಗಿಸಿ, ಕ್ಲೀನರಿನಲ್ಲಿ ಒರೆಸಿ, ಪ್ಯಾನಿನ ಅಂಚಿಗೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ. ಎಣ್ಣೆ ಎಲ್ಲಿಂದ ಬರುತ್ತಿದೆಯೋ ಅಲ್ಲಿ ಪೌಡರ್ ಬಣ್ಣ ತಿರುಗುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಹಲವು ಗಾಡಿಗಳಲ್ಲಿ ಕೆಂಪಗಿರುತ್ತದೆ. ಕಪ್ಪೆಣ್ಣೆ ಕಂಡರೆ ಅದು ಮೇಲಿನ ಎಂಜಿನ್ನಿನದು, ಪ್ಯಾನನ್ನು ದೂರಬೇಡಿ. ಪಕ್ಕದಿಂದ ಬಂದಿದ್ದರೆ ಡ್ರೈವ್ ಶಾಫ್ಟಿನ ಸೀಲು ಹೋಗಿರಬಹುದು. ಪ್ಯಾನಿನಿಂದಲೇ ಬರುತ್ತಿದ್ದರೆ ಬೋಲ್ಟನ್ನು ಇನ್ನಷ್ಟು ಬಿಗಿಯದೆ ಪ್ಯಾನ್ ಇಳಿಸಿ, ಅಂಚು ಮತ್ತು ಗಾಸ್ಕೆಟ್ ನೋಡಿ.

ಪೌಡರ್ ಒಣದಾಗಿಯೇ ಉಳಿದರೆ ತಳದ ಪ್ಲಾಸ್ಟಿಕ್ ಕವರ್ ಹಾಕಿ. ಅದರ ಸ್ಕ್ರೂಗಳಿಗೆ ಟಾರ್ಕ್ ರೆಂಚ್ ಬೇಕಿಲ್ಲ, ಒಂದೂ ಬಿಟ್ಟುಹೋಗದಿದ್ದರೆ ಸಾಕು. ಘಾಟಿಯ ತಿರುವಿನಲ್ಲಿ ಕವರ್ ಜೋತುಬಿದ್ದು ರಸ್ತೆ ಉಜ್ಜಿದರೆ ಗಾಡಿಯ ಯಜಮಾನರು ದೂರುವುದು ನೀವು ಅಷ್ಟು ಜತನದಿಂದ ಬಿಗಿದ ಗೇರ್‌ಬಾಕ್ಸನ್ನೇ.